ಹಿಮದಡಿಯ ಜ್ವಾಲಾಮುಖಿಯನ್ನು ಉಡುಪಿಯಲ್ಲಿ ಕುಳಿತು ಓದುವುದು ಹೇಗೆ? ಸೆಮಿನಾರ್ ವಿಷಯ ಬದಲಿಸಲೇ?

ಬದಲಿಸಬೇಡಿ. ಹಿಮವನ್ನೇ ಕಾಣದವರಿಗೆ ಟುಯಾ (ಹಿಮದಡಿಯಲ್ಲಿ ಲಾವಾ ಉಕ್ಕಿ ಬೆಳೆದ ಚಪ್ಪಟೆ ನೆತ್ತಿಯ ಬೆಟ್ಟ) ಬರೀ ಬಾಯಿಪಾಠವಾದೀತು ಎಂಬ ನಿಮ್ಮ ಅಳುಕು ನನ್ನದೂ ಆಗಿತ್ತು. ಮಂಗಳೂರಿನಲ್ಲಿ ಎಂ.ಎಸ್ಸಿ. ಓದುವಾಗ ನಾನು ಆರಿಸಿಕೊಂಡದ್ದು ಐಸ್‌ಲ್ಯಾಂಡಿನ ಹೆರ್ದುಬ್ರೇಯ್ಡ್ ಎಂಬ ಟುಯಾ. 1682 ಮೀಟರ್ ಎತ್ತರ, ಕಡಿದಾದ ಬದಿಗಳು, ಮೇಲೆ ಹಾಸಿದಂತೆ ಚಪ್ಪಟೆ.

ಚಿತ್ರ ನೋಡಿದೊಡನೆ ನನಗೆ ನಮ್ಮ ಕರಾವಳಿಯ ‘ಪದವು’, ಅಂದರೆ ಚಪ್ಪಟೆ ನೆತ್ತಿಯ ಗುಡ್ಡ, ನೆನಪಾಯಿತು. ಮುರಕಲ್ಲಿನ ಪದವಿನಲ್ಲಿ ಆಡಿ ಬೆಳೆದವನು ನಾನು. ಚಪ್ಪಟೆ ನೆತ್ತಿ ಎಂದರೆ ಸವೆದು ಉಳಿದದ್ದು ಎಂದುಕೊಂಡು, “ಹಿಮನದಿ ಉಜ್ಜಿ ಉಜ್ಜಿ ನೆತ್ತಿಯನ್ನು ಸಮಮಾಡಿತು” ಎಂದು ಸ್ಲೈಡಿನಲ್ಲಿ ಬರೆದೆ. ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತು?” ನನ್ನಲ್ಲಿ ಉತ್ತರವಿರಲಿಲ್ಲ. ಆ ಗುರುಗಳ ಕೈಕೆಳಗೆ ಪ್ರಬಂಧ ಬರೆಯುವ ಅವಕಾಶವೂ ಅಲ್ಲಿಗೇ ಮುಗಿಯಿತು.

ತಪ್ಪು ಎಲ್ಲಿತ್ತೆಂದರೆ, ನಾನು ಬೆಟ್ಟವನ್ನು ಮೇಲಿನಿಂದ ಓದಿದ್ದೆ. ಟುಯಾವನ್ನು ಬುಡದಿಂದ ಓದಬೇಕು. ಲಾವಾ ಹಿಮವನ್ನು ಕರಗಿಸಿ ತನ್ನ ಸುತ್ತ ಸರೋವರ ಮಾಡಿಕೊಳ್ಳುತ್ತದೆ. ಆಳದಲ್ಲಿ ಒತ್ತಡ ಹೆಚ್ಚು. ಆದ್ದರಿಂದ ಸಿಡಿಯದೆ, ದಿಂಬಿನಾಕಾರದ ಕಲ್ಲುಗಳ ರಾಶಿಯಾಗಿ ಗಟ್ಟಿಯಾಗುತ್ತದೆ. ರಾಶಿ ಬೆಳೆದು ಮೇಲಿನ ನೀರಿನ ಆಳ ಕಡಿಮೆಯಾದಂತೆ ಲಾವಾ ಸಿಡಿದು ಗಾಜಿನ ಚೂರುಗಳಾಗುತ್ತದೆ. ಕೊನೆಗೆ ನೀರಿನ ಮೇಲೆ ತಲೆಯೆತ್ತಿದಾಗ ಮಾತ್ರ ಸಲೀಸಾಗಿ ಹರಡಿ ಚಪ್ಪಟೆ ಹೊದಿಕೆಯಾಗುತ್ತದೆ. ಅಂದರೆ ಆ ನೆತ್ತಿ ಸವೆದದ್ದಲ್ಲ, ಕಟ್ಟಿದ್ದು! ಚೂರಿನ ಪದರ ಮುಗಿದು ಹೊದಿಕೆ ಶುರುವಾಗುವ ಗೆರೆಯೇ ಅಂದಿನ ನೀರಿನ ಮಟ್ಟ. ಹಿಮ ಎಷ್ಟು ದಪ್ಪವಿತ್ತೆಂದು ಅಂದಾಜು ಮಾಡುವುದು ಅದರಿಂದಲೇ. 1947ರಲ್ಲಿ ಕೆನಡಾದ ಭೂವಿಜ್ಞಾನಿ ಬಿಲ್ ಮ್ಯಾಥ್ಯೂಸ್ ಅಲ್ಲಿನ ಟುಯಾ ಬ್ಯೂಟ್ ಬೆಟ್ಟದ ಹೆಸರನ್ನೇ ಇವಕ್ಕೆಲ್ಲ ಇಟ್ಟರು.

ಹಾಗಾಗಿ ಹಿಮ ಕಂಡಿಲ್ಲವೆಂಬುದು ಕೊರತೆಯೇ ಅಲ್ಲ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಒಂದು ದಿನ ಹೋಗಿ ಬನ್ನಿ. ಅಲ್ಲಿನ ದಿಂಬು ಲಾವಾ ಹುಟ್ಟಿದ್ದು ಹಿಮದಡಿಯಲ್ಲಲ್ಲ, ನೀರಿನಡಿಯಲ್ಲಿ. ಆದರೆ ಟುಯಾದ ಬುಡ ಹೇಗಿರುತ್ತದೆಂದು ಕೈಯಿಂದ ಮುಟ್ಟಿ ತಿಳಿಯಬಹುದು. ಊರಿನ ಅಭಿಮಾನಕ್ಕೆಂದು ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ಮಾತ್ರ ತುರುಕಬೇಡಿ. ಅವು ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು; ಅವಕ್ಕೂ ಹಿಮಕ್ಕೂ ಸಂಬಂಧವಿಲ್ಲ.

ಮೊದಲ ಸ್ಲೈಡಿನಲ್ಲಿ ಬೆಟ್ಟದ ಫೋಟೊ ಹಾಕಬೇಡಿ. ಅಡ್ಡಸೀಳಿನ ಚಿತ್ರ ಬಿಡಿಸಿ, ಮೊದಲು ಆ ನೀರಿನ ಗೆರೆಯನ್ನು ಎಳೆಯಿರಿ.