ಕಾಲು ಸುಮ್ನೆ ಕೊಟ್ಟಿದ್ದಲ್ಲ

ಗಂಗಾವತಿಯ ಓದುಗರೊಬ್ಬರ ಪತ್ರ: "ನನ್ನ ತಂಗಿ ಮಗ ಪೈಲಟ್ ತರಬೇತಿಗೆ ಸೇರಿದ್ದಾನೆ. ಅಡ್ಡಗಾಳಿಯಲ್ಲಿ ಸಣ್ಣ ವಿಮಾನ ಇಳಿಸೋಕೆ ಕಾಲಲ್ಲಿ ಪೆಡಲ್ ಒತ್ತುವುದನ್ನೇ ವಾರಗಟ್ಟಲೆ ಕಲಿಸುತ್ತಿದ್ದಾರಂತೆ. ಎಲ್ಲವನ್ನೂ ಕಂಪ್ಯೂಟರ್ ಮಾಡುವ ಕಾಲದಲ್ಲಿ ಈ ಹಳೇ ಕಸರತ್ತು ಯಾಕೆ ಬೇಕು?"

ಸಂಪಾದಕರ ಉತ್ತರ:

ಸ್ವಾಮಿ, ನಿಮ್ಮ ಪತ್ರ ಓದುತ್ತಾ ನನ್ನ ಚಹಾ ಆರಿಹೋಯಿತು.

ಮೊದಲು ನಿಮ್ಮ ಪಾಲಿನದು ಕೊಟ್ಟುಬಿಡುತ್ತೇನೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಎರ್‌ಕೂಪ್ ಅನ್ನುವ ಪುಟ್ಟ ವಿಮಾನ ಬಂತು. ಅದಕ್ಕೆ ಪೆಡಲ್ಲೇ ಇರಲಿಲ್ಲ. ಅಡ್ಡಗಾಳಿಗೆ ಸೊಟ್ಟಗೇ ಇಳಿಯುತ್ತಿತ್ತು, ಗಟ್ಟಿ ಚಕ್ರಗಳು ತಾಳಿಕೊಳ್ಳುತ್ತಿದ್ದವು. 2020ರಲ್ಲಿ ಪೈಪರ್ ಎಂ600 ವಿಮಾನಕ್ಕೆ, ಪೈಲಟ್ ಪ್ರಜ್ಞೆ ತಪ್ಪಿದರೆ ಒಂದು ಬಟನ್ ಒತ್ತಿದಾಗ ತಾನೇ ಇಳಿಯುವ ವ್ಯವಸ್ಥೆಯೂ ಬಂತು. ಒಳ್ಳೇದೇ.

ಆದರೆ ಇದನ್ನೂ ಕೇಳಿ. ಏರ್‌ಬಸ್ ಎ320ಯಂಥ ದೊಡ್ಡ ವಿಮಾನದಲ್ಲಿ ಯಂತ್ರ ತಾನೇ ಇಳಿಸಬೇಕಾದರೆ ಅಡ್ಡಗಾಳಿ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್, ದಾಟುವಂತಿಲ್ಲ. ಅದಕ್ಕಿಂತ ಜೋರಾದರೆ ಇಳಿಸಬೇಕಾದ್ದು ಮನುಷ್ಯನೇ. ಗಾಳಿ ಜಾಸ್ತಿಯಾದಾಗ ಮೊದಲು ಕೈಚೆಲ್ಲುವುದು ಯಂತ್ರ ಸ್ವಾಮಿ, ಪೈಲಟ್ ಅಲ್ಲ.

ನೀವು ಗಂಗಾವತಿಯವರು. ಆನೆಗುಂದಿಯ ಹೊಳೆ ಹರಿಗೋಲಿನಲ್ಲಿ ದಾಟಿರುತ್ತೀರಿ, ಅಲ್ವಾ? ಹುಟ್ಟು ಹಾಕುವವರು ಎದುರಿನ ದಡದ ಮೆಟ್ಟಿಲಿಗೆ ಗುರಿ ಇಡುವುದಿಲ್ಲ. ಮೇಲಿನ ಬಂಡೆಗೆ ಇಡುತ್ತಾರೆ. ಸೆಳವು ಕೆಳಕ್ಕೆ ಎಳೆದು ಎಳೆದು ಸರಿಯಾಗಿ ಮೆಟ್ಟಿಲಿಗೇ ತಂದು ಬಿಡುತ್ತದೆ. ಪೈಲಟ್ ಮಾಡುವುದೂ ಇದನ್ನೇ. ಮೂತಿಯನ್ನು ಗಾಳಿ ಬರುವ ಕಡೆಗೆ ತಿರುಗಿಸಿ, ಏಡಿಯ ಹಾಗೆ ಅಡ್ಡಡ್ಡ ಬರುತ್ತಾ, ರನ್‌ವೇ ಗೆರೆಯ ಮೇಲೇ ಇರುತ್ತಾನೆ. ಹರಿಗೋಲು ಗುಂಡಗಿರುತ್ತದೆ, ಅದಕ್ಕೆ ಮೂತಿಯ ಚಿಂತೆ ಇಲ್ಲ. ವಿಮಾನಕ್ಕೆ ಇದೆ. ಅಡ್ಡಡ್ಡ ನೆಲ ಮುಟ್ಟಿದರೆ ಚಕ್ರ, ಅದರ ಕಾಲು ಎರಡಕ್ಕೂ ಪೆಟ್ಟು.

ಕಾಲಿನ ಕೆಲಸ ಇಲ್ಲೇ. ಗಾಳಿ ಎಡದಿಂದ ಬೀಸುತ್ತಿದೆ ಅನ್ನಿ. ನೆಲ ಹತ್ತಿರವಾದಾಗ ಬಲಗಾಲಿನಿಂದ ಪೆಡಲ್ ಒತ್ತಿ ಮೂತಿ ನೇರ ಮಾಡಬೇಕು. ನೇರವಾದ ಕೂಡಲೇ ಗಾಳಿ ವಿಮಾನವನ್ನು ಬಲಕ್ಕೆ ತಳ್ಳುತ್ತದೆ. ಅದಕ್ಕೆ ಕೈಯಿಂದ ಎಡರೆಕ್ಕೆ ತಗ್ಗಿಸಬೇಕು. ಕೈ ಒಂದು ಕಡೆ, ಕಾಲು ಇನ್ನೊಂದು ಕಡೆ! ಎಡಚಕ್ರ ಮೊದಲು ನೆಲ ಮುಟ್ಟುತ್ತದೆ, ಆಮೇಲೆ ಬಲದ್ದು, ಕೊನೆಗೆ ಮುಂದಿನದು. ಇಳಿದೆ ಅಂತ ಕೈ ಸಡಿಲ ಬಿಟ್ಟರೆ ಗಾಳಿ ರೆಕ್ಕೆ ಎತ್ತೀತು. ವೇಗ ಇಳಿದಷ್ಟೂ, ರೆಕ್ಕೆ ತಗ್ಗಿಸುವ ಕೈಯ ಸ್ಟೇರಿಂಗನ್ನು ಗಾಳಿಯ ಕಡೆಗೆ ಜಾಸ್ತಿ ತಿರುಗಿಸುತ್ತಾ ಹೋಗಬೇಕು.

ಲೆಕ್ಕ ಬೇಡ ಅನ್ನುತ್ತಿಲ್ಲ. 20 ನಾಟ್ ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಾಗಿ ಬಂದರೆ ಅಡ್ಡ ತಳ್ಳುವುದು ಅರ್ಧ, ಅಂದರೆ 10 ನಾಟ್. ಸೆಸ್ನಾ 172 ಅನ್ನುವ ಸಣ್ಣ ವಿಮಾನದ ಪುಸ್ತಕದಲ್ಲಿ ಅಡ್ಡಗಾಳಿಗೆ 15 ನಾಟ್ ಅಂತ ಇದೆ, ಗಂಟೆಗೆ ಸುಮಾರು 28 ಕಿಲೋಮೀಟರ್. ಅದು ಪರೀಕ್ಷಾ ಪೈಲಟ್ ಇಳಿಸಿ ತೋರಿಸಿದ ಸಂಖ್ಯೆ, ನಿಮ್ಮ ಹುಡುಗನ ಕಾಲಿನ ಶಕ್ತಿಯದಲ್ಲ. ಅವನ ಮಿತಿ ಅವನಿಗೇ ಗೊತ್ತಾಗಬೇಕು. ಹೊಂದಲಿಲ್ಲವೋ, ಇಂಜಿನ್‌ಗೆ ಪೂರ್ತಿ ಜೋರು ಕೊಟ್ಟು ಮೇಲಕ್ಕೆ ಹೋಗಿ ಮತ್ತೆ ಸುತ್ತಿ ಬರಲಿ. ಅದರಲ್ಲಿ ನಾಚಿಕೆ ಏನಿದೆ?

ನನ್ನ ಸಂಕಟ ವಿಮಾನದ್ದಷ್ಟೇ ಅಲ್ಲ. "ಗಾಳಿ ಬಂದಾಗ ತೂರಿಕೋ" ಅಂತ ಭಾಷಣ ಮಾಡುವವರಲ್ಲಿ ಮೊರ ಹಿಡಿದವರು ಎಷ್ಟು ಜನ? ನಮ್ಮಜ್ಜ ಕಣದಲ್ಲಿ ಜೋಳ ತೂರುವಾಗ ಒಂದು ಕೆನ್ನೆಗೆ ಗಾಳಿ ತಾಗುವಂತೆ ನಿಲ್ಲುತ್ತಿದ್ದ. ಗಾಳಿ ಸ್ವಲ್ಪ ತಿರುಗಿದರೆ ಅವನೂ ತಿರುಗುತ್ತಿದ್ದ. ಮೂಗಿಗೆ ಹೊಟ್ಟು ಹೋಗಿದ್ದು ನಾನು ಕಾಣೆ. ಈಗ ಮಷಿನ್ ಬಂದು ಬೆನ್ನು ಉಳಿಯಿತು, ಸರಿ. ಆ ಕೆನ್ನೆ ಎಲ್ಲಿ ಹೋಯಿತು?

ನಾನು ಕಾರು ಕಲಿತದ್ದು ಬಳ್ಳಾರಿಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ, ಹೆಸರು ಬೇಡ. 21 ದಿನ ಚೆನ್ನಾಗಿಯೇ ಓಡಿಸಿದೆ. ಲೈಸೆನ್ಸ್ ಬಂದ ಮೇಲೆ ಒಬ್ಬನೇ ಕೂತರೆ ಕಾರು ಗಕ್ಕನೆ ನಿಂತುಬಿಡೋದು. ಆಮೇಲೆ ಹೊಳೆಯಿತು. ಅವರ ಕಾರಿನಲ್ಲಿ ಕಲಿಸುವವರ ಕಡೆಗೂ ಕ್ಲಚ್ಚು, ಬ್ರೇಕು ಇದ್ದವು. ಅಷ್ಟೂ ದಿನ ಓಡಿಸಿದ್ದು ಅವರ ಕಾಲು!

ನಿಮ್ಮ ತಂಗಿ ಮಗನ ಗುರು ಹಾಗೆ ಮಾಡದೆ ಹುಡುಗನ ಕಾಲಿನಿಂದಲೇ ಒತ್ತಿಸುತ್ತಿದ್ದಾರೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಹುಡುಗ ರಜೆಗೆ ಬಂದಾಗ, ಹೊಳೆ ಇಳಿದಿದ್ದರೆ, ಆನೆಗುಂದಿಗೆ ಕರೆದುಕೊಂಡು ಹೋಗಿ ಹರಿಗೋಲಿನಲ್ಲಿ ಕೂರಿಸಿ. ದಾಟುವ ದುಡ್ಡು ನನ್ನದು.

– ಸಂ.