ಬಿಡ್ ಬಂದ ಮೇಲೆ ಅಡಿಕೆ ಮರ ಹತ್ತುವ ಯಂತ್ರವನ್ನು ಹರಾಜಿನಿಂದ ವಾಪಸ್ ತೆಗೆಯಬಹುದೇ?

ತೆಗೆಯಬಹುದು. ಈ ಉತ್ತರ ಓದಿ ಮುಗಿಸುವ ಮೊದಲೇ ತೆಗೆದುಬಿಡಿ, ಕಾರಣ ಆಮೇಲೆ ಓದಿಕೊಂಡರಾಯಿತು.

ಪ್ರಶ್ನೆ ಓದದೆ ನೇರ ಇಲ್ಲಿಗೆ ಬಂದವರಿಗೆ ಎರಡು ಮಾತು. ತೀರ್ಥಹಳ್ಳಿ ಕಡೆಯ ಇವರು ಕಾಲಲ್ಲಿ ತುಳಿದು ಹತ್ತುವ ಹಳೆಯ ಯಂತ್ರವೊಂದನ್ನು ಆನ್‌ಲೈನ್ ಹರಾಜಿಗೆ ಹಾಕಿದ್ದಾರೆ. 'ಇದ್ದ ಸ್ಥಿತಿಯಲ್ಲಿ ಮಾರಾಟ' ಅಂತ ಬರೆದಿದ್ದಾರೆ. ಬಿಡ್ ಚೆನ್ನಾಗಿ ಏರಿದೆ, ನಾಳೆ ಸಂಜೆ ಮುಗಿಯುತ್ತದೆ. ಇವತ್ತು ಒರೆಸಿ ಇಡೋಣ ಅಂತ ಹೋದರೆ ಮರಕ್ಕೆ ಸುತ್ತಿ ಭಾರ ಹೊರುವ ತಂತಿಹಗ್ಗದ ಮೇಲಿನ ರಬ್ಬರ್ ಕೊಳವೆ ಜಾರಿ, ಒಳಗೆ ಎಳೆಗಳು ತುಂಡಾಗಿರುವುದು ಕಂಡಿದೆ. ಪೆಡಲ್ ಪಕ್ಕದ ವೆಲ್ಡಿಂಗ್‌ನಲ್ಲೂ ಕೂದಲೆಳೆಯಂಥ ಒಂದು ಗೆರೆ. ಮುಂದಿರುವ ಬಿಡ್ಡುದಾರರು ಹೊಸನಗರದವರು. 'ಹಗ್ಗ ನಾನೇ ಹಾಕಿಸ್ಕೊಳ್ತೀನಿ, ಹರಾಜು ನಿಲ್ಲಿಸಬೇಡಿ' ಅನ್ನುತ್ತಿದ್ದಾರಂತೆ. ಬಿಡ್ ಬಂದ ಮೇಲೆ ತೆಗೆದರೆ ಕಾನೂನು ಅಡ್ಡ ಬರುವುದಿಲ್ಲವೇ, ವಿವರಣೆಯಲ್ಲಿ ಒಂದು ಸಾಲು ಸೇರಿಸಿದರೆ ಸಾಲದೇ ಅನ್ನುವುದು ಪ್ರಶ್ನೆ.

ನಾನು ಸಾಗರದಲ್ಲಿ ತೋಟದ ಯಂತ್ರಗಳ ರಿಪೇರಿ ಅಂಗಡಿ ಇಟ್ಟುಕೊಂಡವನು. ಹಳೆಯ ಪಂಪು, ಕಳೆ ಕೊಚ್ಚುವ ಯಂತ್ರ, ಅಡಿಕೆ ಸುಲಿಯುವ ಯಂತ್ರ ಇವನ್ನೆಲ್ಲ ಸರಿಮಾಡಿ ಆನ್‌ಲೈನ್‌ನಲ್ಲಿ ಹರಾಜಿಗೂ ಹಾಕುತ್ತೇನೆ. ವಕೀಲನಲ್ಲ. ಆದರೆ ಈ ವ್ಯಾಪಾರಕ್ಕೆ ಬೇಕಾದಷ್ಟು ಕಾನೂನನ್ನು ಓದಿಕೊಳ್ಳದೆ ಇಳಿದವನೂ ಅಲ್ಲ.

ಮೊದಲು ಕಾನೂನು, ಯಾಕೆಂದರೆ ಅದು ಸುಲಭ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ಹರಾಜಿಗೇ ಮೀಸಲು. ಸುತ್ತಿಗೆ ಬಿದ್ದಾಗ ಅಥವಾ ರೂಢಿಯಲ್ಲಿರುವ ಇನ್ಯಾವುದೋ ರೀತಿಯಲ್ಲಿ ಮುಗಿಯಿತೆಂದು ಸಾರಿದಾಗ ಮಾತ್ರ ಮಾರಾಟ ಪೂರ್ತಿ. ಆನ್‌ಲೈನ್‌ನಲ್ಲಿ ಗಡಿಯಾರ ಸೊನ್ನೆಗೆ ಬರುವುದೇ ಆ ಸುತ್ತಿಗೆ. ಅಲ್ಲಿಯವರೆಗೆ ಪ್ರತಿ ಬಿಡ್ಡೂ 'ನಾನು ಇಷ್ಟು ಕೊಡುತ್ತೇನೆ' ಅನ್ನುವ ಪ್ರಸ್ತಾಪ ಅಷ್ಟೆ, ನೀವು ಒಪ್ಪಿದ ಕರಾರು ಅಲ್ಲ. ಬಿಡ್ಡುದಾರನೂ ಅಲ್ಲಿಯವರೆಗೆ ತನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳಬಹುದು ಅಂತ ಅದೇ ಕಲಂ ಹೇಳುತ್ತದೆ. ಇದರ ಬೇರು 1789ರ ಇಂಗ್ಲೆಂಡಿನ ಪೇನ್ ಮತ್ತು ಕೇವ್ ಮೊಕದ್ದಮೆಯಲ್ಲಿದೆ. ಅಲ್ಲಿ ಸುತ್ತಿಗೆ ಬೀಳುವ ಮೊದಲು ಒಬ್ಬ 40 ಪೌಂಡಿನ ಬಿಡ್ ವಾಪಸ್ ತೆಗೆದುಕೊಂಡ, ಕೋರ್ಟು ಸರಿ ಅಂದಿತು. ಹರಾಜಿಗಿದ್ದದ್ದು ಸಾರಾಯಿ ಬಟ್ಟಿ ಇಳಿಸುವ ಸಾಮಾನು!

ನಮಗೆ ಇದು ಹೊಸದೇನಲ್ಲ. ಮಂಡಿಗೆ ರಾಶಿ ಅಡಿಕೆ ಇಳಿಸಿ, ಟೆಂಡರಿನಲ್ಲಿ ಬಂದ ದರ ಒಪ್ಪಿಗೆಯಾಗದಿದ್ದರೆ ಮಾಲು ಕೊಡುವುದಿಲ್ಲ ಅನ್ನುತ್ತೇವಲ್ಲ, ಅದೇ ಲೆಕ್ಕ.

ಕಾನೂನಿಗಿಂತ ಬಿಗಿಯಾಗಿರುವುದು ಹರಾಜು ನಡೆಸುವ ಜಾಲತಾಣಗಳ ನಿಯಮ. ನೀವು ಯಾವ ತಾಣ ಅಂತ ಬರೆದಿಲ್ಲ, ಹಾಗಾಗಿ ಒಂದು ಮಾದರಿ ಹೇಳುತ್ತೇನೆ. ಇಬೇ ಅನ್ನುವ ಹರಾಜು ತಾಣ ನಮ್ಮ ದೇಶದಲ್ಲಿ 2018ರಲ್ಲೇ ಅಂಗಡಿ ಮುಚ್ಚಿತು, ಆದರೆ ಹೊರಗಡೆ ಅದರ ಪದ್ಧತಿ ಹೀಗಿದೆ: ಮುಗಿಯಲು 12 ಗಂಟೆಗಿಂತ ಹೆಚ್ಚು ಸಮಯ ಇದ್ದರೆ ಬಿಡ್‌ಗಳನ್ನು ರದ್ದು ಮಾಡಿ ಹರಾಜು ನಿಲ್ಲಿಸಬಹುದು. ಅದಕ್ಕಿಂತ ಕಡಿಮೆ ಉಳಿದು ಬಿಡ್ ಇದ್ದರೆ ಆ ದಾರಿ ಮುಚ್ಚುತ್ತದೆ. ನಿಮ್ಮದರಲ್ಲೂ ಇಂಥದೊಂದು ಗಡುವು ಇರಬಹುದು. ನಾಳೆ ಸಂಜೆ ಮುಗಿಯುವುದನ್ನು ಇವತ್ತು ರಾತ್ರಿಯೇ ತೆಗೆಯಿರಿ ಅನ್ನುವುದು ಇದಕ್ಕೇ. ಬಟನ್ ಸಿಗದಿದ್ದರೆ ಸಹಾಯವಾಣಿಗೆ 'ಸುರಕ್ಷತೆಯ ದೋಷ, ಜೀವಕ್ಕೆ ಅಪಾಯ' ಅಂತ ಫೋಟೋ ಸಮೇತ ಬರೆದು, ಬರೆದದ್ದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಶುಲ್ಕ ಹೋಗಬಹುದು, ನಿಮ್ಮ ರೇಟಿಂಗ್ ಒಂದು ಮೆಟ್ಟಿಲು ಇಳಿಯಬಹುದು. ಹೋಗಲಿ ಬಿಡಿ.

ಈಗ ನಿಜವಾದ ವಿಷಯ, ಆ ಹಗ್ಗ.

ಕೊಳವೆಯ ಒಳಗೆ ಹಗ್ಗ ಯಾಕೆ ಹಾಗಾಯಿತು ಗೊತ್ತೇ? ಈ ಯಂತ್ರಗಳನ್ನು ಅಡಿಕೆ ಕೊನೆ (ಗೊನೆ) ಕೊಯ್ಯಲು ಮಾತ್ರವಲ್ಲ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲೂ ಹತ್ತಿಸುತ್ತಾರೆ. ಆ ಔಷಧಿಯೇ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಸುಣ್ಣ ಸಾಲದೆ ಹೋದರೆ ಉಳಿದ ತಾಮ್ರ ಕಬ್ಬಿಣವನ್ನು ತಿನ್ನುತ್ತದೆ. ದ್ರಾವಣ ಹದವಾಗಿದೆಯೇ ನೋಡಲು ಅದರೊಳಗೆ ಚಾಕುವನ್ನೋ ಬ್ಲೇಡನ್ನೋ ಅದ್ದಿ, ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕುತ್ತೇವಲ್ಲ, ಅದೇ ಕೆಂಪು ನಿಮ್ಮ ಹಗ್ಗದ ಮೇಲೂ ಕೂತಿರುತ್ತದೆ. ಮೇಲಿಂದ ಸೋರಿದ ದ್ರಾವಣ ರಬ್ಬರ್ ಕೊಳವೆಯೊಳಗೆ ಇಳಿದು ಅಲ್ಲೇ ನಿಲ್ಲುತ್ತದೆ, ಒಣಗುವುದಿಲ್ಲ. ಹೊರಗಡೆ ರಬ್ಬರ್ ಕಪ್ಪಗೆ, ಗಟ್ಟಿಯಾಗಿ ಕಾಣುತ್ತಿರುತ್ತದೆ. ನನ್ನ ಅಂಗಡಿಗೆ ಬರುವ ಹತ್ತುವ ಯಂತ್ರಗಳಲ್ಲಿ ನಾನು ಮೊದಲು ಬಿಚ್ಚುವುದೇ ಆ ಕೊಳವೆ.

ಹಗ್ಗ ತುಂಡಾಗುವುದು ಸಾಮಾನ್ಯವಾಗಿ ನಡುವೆ ಅಲ್ಲ, ಹಗ್ಗದ ತುದಿ ಬಿಗಿಯುವ ಕ್ಲ್ಯಾಂಪ್ ಕಚ್ಚಿದ ಜಾಗದಲ್ಲಿ. ಪ್ರತಿ ಹೆಜ್ಜೆಗೂ ಅಲ್ಲೇ ಬಾಗುತ್ತದೆ. ಬಟ್ಟೆಯೊಂದನ್ನು ಹಗ್ಗದ ಉದ್ದಕ್ಕೂ ಸವರಿ ನೋಡಿ. ತುಂಡಾದ ಎಳೆ ಇದ್ದಲ್ಲೆಲ್ಲ ಅದು ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಬೇಡಿ, ಮುರಿದ ತಂತಿ ಉಗುರಿನ ಸಂದಿಗೆ ಹೋದರೆ ವಾರಗಟ್ಟಲೆ ನೋವು. ಹಾಗೆಯೇ ಕ್ಲ್ಯಾಂಪ್ ಯಾವ ಕಡೆ ಕೂತಿದೆ ನೋಡಿ. ಯು ಆಕಾರದ ಬೋಲ್ಟು ಹಗ್ಗದ ಬಿಟ್ಟ ತುದಿಯ ಮೇಲೆ, ತಟ್ಟೆಯಂಥ ಭಾಗ ಭಾರ ಹೊರುವ ಹಗ್ಗದ ಮೇಲೆ ಬರಬೇಕು. ತಿರುಗುಮುರುಗಾಗಿದ್ದರೆ ಬೋಲ್ಟು ಭಾರ ಹೊರುವ ಹಗ್ಗವನ್ನೇ ಜಜ್ಜುತ್ತಿರುತ್ತದೆ. ಊರಿನಲ್ಲಿ ಹಾಕಿಸಿದ ಹಗ್ಗಗಳಲ್ಲಿ ಇದು ತಿರುಗಿರುವುದೇ ಹೆಚ್ಚು.

ವೆಲ್ಡಿಂಗಿನ ಗೆರೆಗೆ ಹಳೆಯ ಉಪಾಯ ಒಂದಿದೆ. ಬಣ್ಣ ಕೆರೆದು, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗೆ ಹೋದ ಎಣ್ಣೆ ಹೊರಗೆ ಬಂದು ಸುಣ್ಣದ ಮೇಲೆ ಒದ್ದೆ ಗೆರೆ ಮೂಡುತ್ತದೆ. ಬಿರುಕಲ್ಲದೆ ಬರೀ ಬಣ್ಣದ ಗೆರೆಯಾಗಿದ್ದರೆ ಪುಡಿ ಒಣಗಿಯೇ ಇರುತ್ತದೆ. ಗೆರೆ ಮೂಡಿತೋ, ಆ ಯಂತ್ರ ಇನ್ನು ಮಾರುವ ವಸ್ತು ಅಲ್ಲ. ನಾನು ದಿನಾ ವೆಲ್ಡಿಂಗ್ ಮಾಡುವವನೇ, ಆದರೂ ಮನುಷ್ಯನ ಭಾರ ಹೊರುವ ಜೋಡಣೆಗೆ ಬಿರುಕಿನ ಮೇಲೆ ವೆಲ್ಡಿಂಗ್ ಮಾಡಿಕೊಡುವುದಿಲ್ಲ. ಜಗಳವಾಡಿ ಹೋದ ಗಿರಾಕಿಗಳಿದ್ದಾರೆ.

ಇನ್ನು ಹೊಸನಗರದವರ ಮಾತು. 'ಗೊತ್ತಿದ್ದೂ ತಗೊಳ್ತೀನಿ ಅಂದ ಮೇಲೆ ನಿಮಗೇನು' ಅನ್ನುವುದು ಕೇಳಲು ನ್ಯಾಯವಾಗಿದೆ. ಆದರೆ ಒಂದು ಕೇಳಿ: ಮರ ಹತ್ತುವವರು ಅವರೇನಾ? ನಮ್ಮ ಕಡೆ ಯಂತ್ರಕ್ಕೆ ಬಿಡ್ ಹಾಕುವವನು ತೋಟದ ಯಜಮಾನ, ಅವನು ಕೆಳಗೆ ನಿಂತು ಮೇಲೆ ನೋಡುವವನು. ಮೇಲೆ ಹೋಗುವವನು ಕೊನೆ ಕೊಯ್ಯುವ ಕೊನೆಗೌಡ, ಇಲ್ಲವೇ ಔಷಧಿ ಹೊಡೆಯಲು ದಿನಗೂಲಿಗೆ ಬಂದ ಹುಡುಗ. ಅವನು ನಿಮ್ಮ ವಿವರಣೆಯನ್ನು ಓದಿಲ್ಲ, ಫೋಟೋ ನೋಡಿಲ್ಲ, 'ಇದ್ದ ಸ್ಥಿತಿಯಲ್ಲಿ' ಅನ್ನುವ ಮಾತಿಗೆ ಸಹಿ ಹಾಕಿಲ್ಲ. ಮಳೆ ಸ್ವಲ್ಪ ಹೊಳವಾದ ಒಂದು ಬೆಳಗ್ಗೆ ಯಜಮಾನ 'ಇವತ್ತೇ ಮುಗಿಸಿಬಿಡೋಣ' ಅಂದರೆ ಹೊಸ ಹಗ್ಗ ಪೇಟೆಯಿಂದ ಬರುವವರೆಗೆ ಯಾರು ಕಾಯುತ್ತಾರೆ? ಪಾಚಿ ಕಟ್ಟಿದ ಮರ, 50 ಅಡಿ ಎತ್ತರ. ಹೊಸನಗರದವರು ಒಪ್ಪಬಹುದಾದದ್ದು ತಮ್ಮ ಹಣದ ಅಪಾಯವನ್ನು ಮಾತ್ರ. ಇನ್ನೊಬ್ಬನ ಬೆನ್ನುಮೂಳೆಯ ವಿಷಯದಲ್ಲಿ ಅವರ ಒಪ್ಪಿಗೆಗೆ ಬೆಲೆಯಿಲ್ಲ.

ವಿವರಣೆ ತಿದ್ದಿದರೆ ಸಾಲದು ಅನ್ನುವುದೂ ಇದೇ ಕಾರಣಕ್ಕೆ. ಈಗಾಗಲೇ ಬಿಡ್ ಹಾಕಿದವರು ಮತ್ತೆ ಬಂದು ಓದುವುದಿಲ್ಲ. ಕೆಲವರು ಮಿತಿ ಹಾಕಿ ಬಿಟ್ಟಿರುತ್ತಾರೆ, ತಾಣವೇ ಅವರ ಪರವಾಗಿ ಏರಿಸುತ್ತಾ ಹೋಗುತ್ತದೆ. 'ಇದ್ದ ಸ್ಥಿತಿಯಲ್ಲಿ' ಅಂತ ಬರೆದದ್ದು ನಿನ್ನೆಯವರೆಗೆ ಪ್ರಾಮಾಣಿಕವಾಗಿತ್ತು, ನಿಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಆ ರಬ್ಬರ್ ಕೊಳವೆಯನ್ನು ಮತ್ತೆ ಎಳೆದು ಮುಚ್ಚಿ, ಗೆರೆಯ ಮೇಲೆ ಬಣ್ಣ ಹೊಡೆದು ಕಳಿಸಿದರೆ 1872ರ ಕರಾರು ಕಾಯ್ದೆಯ 17ನೇ ಕಲಂ ಅದನ್ನು ವಂಚನೆ ಅನ್ನುತ್ತದೆ: ಗೊತ್ತಿರುವ ಸಂಗತಿಯನ್ನು ಬೇಕೆಂದೇ ಮರೆಮಾಡುವುದು. ಯಾರಾದರೂ ಬಿದ್ದು ಸತ್ತರೆ ಮಾತು ಕರಾರಿನಲ್ಲಿ ನಿಲ್ಲುವುದಿಲ್ಲ. ನಿರ್ಲಕ್ಷ್ಯದಿಂದಾದ ಸಾವಿಗೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಇದೆ, 5 ವರ್ಷದವರೆಗೆ ಶಿಕ್ಷೆ. ನಿಮ್ಮ ಮೇಲೆಯೇ ಬರುತ್ತದೆ ಅನ್ನುತ್ತಿಲ್ಲ. ಆದರೆ ಪೊಲೀಸರು ಮೊದಲು ಕೇಳುವುದು 'ಯಂತ್ರ ಎಲ್ಲಿಂದ ತಂದಿರಿ' ಅಂತ.

ಇಂಥ ಪ್ರಶ್ನೆಗೆ ಇನ್ನೊಂದು ಸಲಹೆ ಬಂದೇ ಬರುತ್ತದೆ: 'ತಮ್ಮನ ಹೆಸರಲ್ಲಿ ದೊಡ್ಡ ಬಿಡ್ ಹಾಕಿಸಿ ನೀವೇ ಗೆದ್ದುಕೊಳ್ಳಿ, ಯಾರಿಗೂ ಬೇಜಾರಿಲ್ಲ.' ಜಾಣತನದಂತೆ ಕಾಣುತ್ತದೆ. ಆದರೆ ಮೊದಲೇ ತಿಳಿಸದೆ ಮಾರುವವನು ತಾನೇ ಬಿಡ್ ಹಾಕುವುದು, ಹಾಕಿಸುವುದು ಅದೇ 64ನೇ ಕಲಂ ಪ್ರಕಾರ ತಪ್ಪು. ಅದಕ್ಕಿಂತ ಹೆಚ್ಚಾಗಿ, ತಮ್ಮನ ಬಿಡ್ಡಿನ ಮೇಲೆ ಹೊಸನಗರದವರು ಇನ್ನೂ ಐನೂರು ಏರಿಸಿದರೆ? ಯಂತ್ರ ಹೋಗಿಯೇ ಹೋಯಿತು, ಜೊತೆಗೆ ಬೆಲೆ ಏರಿಸಿದ ಆಪಾದನೆ ಬೇರೆ.

ತೆಗೆದ ಮೇಲೆ ಬಿಡ್ ಹಾಕಿದ ಎಲ್ಲರಿಗೂ ಒಂದೇ ಸಂದೇಶ ಕಳಿಸಿ. 'ತಾಂತ್ರಿಕ ಕಾರಣದಿಂದ' ಅಂತ ಬರೆಯಬೇಡಿ, ಹೊರಗೆ ಹೆಚ್ಚಿಗೆ ಸಿಕ್ಕಿರಬೇಕು ಅಂತಲೇ ಜನ ತಿಳಿಯುವುದು. ನಾನಾದರೆ ಹೀಗೆ ಬರೆಯುತ್ತೇನೆ: 'ಯಂತ್ರದ ತಂತಿಹಗ್ಗದಲ್ಲಿ ಎಳೆಗಳು ತುಂಡಾಗಿವೆ, ಪೆಡಲ್ ವೆಲ್ಡಿಂಗ್‌ನಲ್ಲಿ ಬಿರುಕಿನ ಅನುಮಾನವಿದೆ. ಫೋಟೋ ಜೊತೆಗಿದೆ. ಹತ್ತಿದವರು ಬೀಳುವ ಸಾಧ್ಯತೆ ಇರುವುದರಿಂದ ಹರಾಜು ರದ್ದು ಮಾಡಿದ್ದೇನೆ. ಬೇರೆ ಯಾರಿಗೂ ಮಾರಿಲ್ಲ, ಈ ಸ್ಥಿತಿಯಲ್ಲಿ ಮಾರುವುದೂ ಇಲ್ಲ.' ಫೋಟೋ ಮರೆಯಬೇಡಿ, ಅದು ನಾಲ್ಕು ಸಾಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಯಾರಾದರೂ ಮುಂಗಡ ಹಾಕಿದ್ದರೆ ಬಂದ ದಾರಿಯಲ್ಲೇ ಅದೇ ದಿನ ವಾಪಸ್ ಕಳಿಸಿ. ವಾಟ್ಸ್ಯಾಪ್ ಗುಂಪಿನಲ್ಲಿ ನಡೆಯುವ ಹರಾಜಾಗಿದ್ದರೂ ಇದೇ ಕ್ರಮ. ಆದರೆ ಅಲ್ಲಿ ಹಳೆಯ ಪೋಸ್ಟ್ ಬೇರೆ ಗುಂಪುಗಳಿಗೆ ಫಾರ್ವರ್ಡ್ ಆಗಿ ಓಡಾಡುತ್ತಿರುತ್ತದೆ, ಹಾಗಾಗಿ ಅಳಿಸಿ ಸುಮ್ಮನಾಗದೆ ಅದೇ ಫೋಟೋ ಮೇಲೆ 'ರದ್ದು' ಅಂತ ದಪ್ಪಕ್ಷರದಲ್ಲಿ ಬರೆದು ಮತ್ತೆ ಹಾಕಿ.

ಒಂದು ವೇಳೆ ಗಡಿಯಾರ ಮುಗಿದುಹೋಗಿದ್ದರೆ? ಆಗ ಕರಾರು ಆಗಿದೆ, ಗೆದ್ದವರು ನಷ್ಟ ಕೇಳಬಹುದು. ಆದರೂ ಯಂತ್ರ ಕೊಡಬೇಡಿ. ಹಣ ವಾಪಸ್ ಕೊಟ್ಟು ಕಾರಣ ಹೇಳಿ. ಹೆಚ್ಚೆಂದರೆ ಬೇರೆ ಕಡೆ ಅಂಥದ್ದೇ ಕೊಳ್ಳಲು ಅವರಿಗೆ ಬಿದ್ದ ಹೆಚ್ಚುವರಿ ಹಣದ ಮಾತು ಬರುತ್ತದೆ. ಮಾರಿದ ಮೇಲೆ ಹಿಂದಕ್ಕೆ ಪಡೆಯುವುದು ಎಷ್ಟು ಕಷ್ಟ ಅನ್ನುವುದಕ್ಕೆ 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಪ್ರೆಶರ್ ಕುಕ್ಕರ್ ವಿಷಯದಲ್ಲಿ ಕೊಟ್ಟ ಆದೇಶ ನೋಡಿ. ಕಡ್ಡಾಯ ಗುಣಮಟ್ಟಕ್ಕೆ ಹೊಂದದ ಕುಕ್ಕರ್‌ಗಳು ದೊಡ್ಡ ತಾಣವೊಂದರಲ್ಲಿ ಮಾರಾಟವಾಗಿದ್ದವು. ಮಾರಾಟವಾದ 2,265 ಕುಕ್ಕರ್‌ಗಳನ್ನು ಕೊಂಡವರಿಗೆಲ್ಲ ತಿಳಿಸಿ, ಅವನ್ನು ವಾಪಸ್ ತರಿಸಿ, ಹಣ ಹಿಂದಿರುಗಿಸಿ ಅಂತ ಆದೇಶ. ನಿಮ್ಮದು ಒಂದೇ ಯಂತ್ರ, ಇನ್ನೂ ನಿಮ್ಮ ಕೊಟ್ಟಿಗೆಯಲ್ಲೇ ಇದೆ.

ಮುಂದೇನು? ಸೀಮೆಸುಣ್ಣದ ಪರೀಕ್ಷೆಯಲ್ಲಿ ವೆಲ್ಡಿಂಗ್ ಗಟ್ಟಿ ಅಂತ ಕಂಡರೆ ಹೊಸ ಹಗ್ಗ, ಹೊಸ ಕ್ಲ್ಯಾಂಪ್, ಹೊಸ ರಬ್ಬರ್ ನೀವೇ ಹಾಕಿಸಿ. ಮೊಣಕಾಲೆತ್ತರದಲ್ಲಿ ಮರಕ್ಕೆ ಕಟ್ಟಿ, ಹತ್ತುವವನ ಎರಡು ಪಟ್ಟು ತೂಕದ ಚೀಲ ಹೇರಿ ಒಂದು ರಾತ್ರಿ ಬಿಡಿ. ಆಮೇಲೆ ಹೊಸದಾಗಿ ಹರಾಜಿಗೆ ಹಾಕಿ, ಬಿಚ್ಚಿದ ಹಗ್ಗದ ಫೋಟೋವನ್ನೂ ಸೇರಿಸಿ. ಯಂತ್ರ ಎಷ್ಟೇ ಗಟ್ಟಿಯಿದ್ದರೂ ಹತ್ತುವವನಿಗೆ ಮರಕ್ಕೆ ಬೇರೆಯಾಗಿ ಸುತ್ತುವ ಸುರಕ್ಷತಾ ಬೆಲ್ಟ್ ಬೇಕೇ ಬೇಕು ಅಂತ ಒಂದು ಸಾಲು ಬರೆಯಿರಿ. ಹೊಸನಗರದವರಿಗೆ ಆಗ ನೀವೇ ಫೋನ್ ಮಾಡಿ ಹೇಳಬಹುದು. ಮಳೆ ಹಿಡಿಯುವ ಮೊದಲಾದರೆ ಈಗಿನದಕ್ಕಿಂತ ಒಳ್ಳೆಯ ಬೆಲೆಯೇ ಬಂದೀತು.

ಬಿರುಕೇ ಆಗಿದ್ದರೆ ಗುಜರಿಗೆ ಹಾಕಿ, ಆದರೆ ಇಡಿಯಾಗಿ ಹಾಕಬೇಡಿ. ಇಡಿಯಾಗಿ ಹೋದದ್ದು ಬಣ್ಣ ಬಳಿಸಿಕೊಂಡು ಇನ್ನೊಂದು ತಾಲೂಕಿನಲ್ಲಿ ಮತ್ತೆ ಮಾರಾಟಕ್ಕೆ ನಿಲ್ಲುವುದನ್ನು ನೋಡಿದ್ದೇನೆ. ಗ್ರೈಂಡರಿನಲ್ಲಿ ಎರಡೂ ಚೌಕಟ್ಟನ್ನು ಅಡ್ಡಕ್ಕೆ ಕತ್ತರಿಸಿ, ಹಗ್ಗವನ್ನು ಮೊಳದುದ್ದದ ತುಂಡು ಮಾಡಿ, ಆಮೇಲೆ ತೂಕಕ್ಕೆ ಕೊಡಿ. ಕಬ್ಬಿಣದ ರೇಟು ಎರಡಕ್ಕೂ ಒಂದೇ.