ಗಾಣದ ಎಣ್ಣೆಗೆ ಬದಲಾಗಬೇಕಾ? ಮೊದಲು ತಿಂಗಳಿಗೆ ಎಷ್ಟು ಲೀಟರ್ ಅಂತ ನೋಡಿ

ನಿಮ್ಮ ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ ಐದು ಲೀಟರಿನ ಒಂದು ಕ್ಯಾನ್ ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಖರ್ಚಾಗುತ್ತದೆ ಎಂದು ಬರೆದಿದ್ದೀರಿ. ಅದು ವಿಷ ಎಂದು ವಾಟ್ಸಾಪ್‌ನಲ್ಲಿ ಓದಿ ಗಾಬರಿಯಾಗಿದೆ. ಗಾಣದ ಎಣ್ಣೆಗೋ ತುಪ್ಪಕ್ಕೋ ಬದಲಾಗಬೇಕಾ, ಅರ್ಧ ಉಳಿದಿರುವ ಕ್ಯಾನ್ ಚೆಲ್ಲಿಬಿಡಬೇಕಾ ಎಂದು ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದ್ದರೆ ಅವರ ಡಾಕ್ಟರ್ ಮಾತೇ ಕೊನೆ. ಆದರೆ ಎಣ್ಣೆಯ ಜಗಳ ನನಗೆ ಹೊಸದಲ್ಲ. ನಾನು ಹುಟ್ಟಿದ್ದು ಚಳ್ಳಕೆರೆಯಲ್ಲಿ, ಸೇರಿದ ಮನೆ ಕುಂದಾಪುರದ ಕಡೆ, ಇರುವುದು ಬೆಂಗಳೂರಿನಲ್ಲಿ. ಚಳ್ಳಕೆರೆಗೆ ಎಣ್ಣೆ ನಗರ ಅಂತಲೇ ಹೆಸರು. ಮಿಲ್ಲುಗಳಿಂದ ಬರುವ ಶೇಂಗಾ ಹಿಂಡಿಯ ವಾಸನೆಯಲ್ಲೇ ನಾವು ಬೆಳೆದದ್ದು. ಅಮ್ಮನ ಪ್ರಕಾರ ಶೇಂಗಾ ಎಣ್ಣೆ ಒಂದೇ ಎಣ್ಣೆ, ಉಳಿದದ್ದೆಲ್ಲ ತಲೆಗೆ ಹಚ್ಚಿಕೊಳ್ಳೋದಕ್ಕೆ. ಅತ್ತೆಗೆ ತೆಂಗಿನೆಣ್ಣೆ ಬೀಳದಿದ್ದರೆ ಅದು ಪಲ್ಯವೇ ಅಲ್ಲ. ಇಬ್ಬರ ನಡುವೆ ನಾನು.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಸೂರ್ಯಕಾಂತಿ ಅಲ್ಲ, ಐದು ಲೀಟರ್.

ಒಂದು ಲೆಕ್ಕ ಹಾಕೋಣ. ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ. ಐದು ಲೀಟರ್ ಅಂದರೆ 4,550 ಗ್ರಾಂ. ನಾಲ್ಕು ಜನಕ್ಕೆ, 30 ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 38 ಗ್ರಾಂ ಹತ್ತಿರ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2,000 ಕ್ಯಾಲರಿಯ ಒಂದು ದಿನದ ಊಟಕ್ಕೆ ಹೇಳುವುದು 27 ಗ್ರಾಂ. ಅಂದರೆ ಹೆಚ್ಚುಕಡಿಮೆ ಆರು ಟೀ ಚಮಚ. ಬೆಣ್ಣೆ, ತುಪ್ಪ ಎಲ್ಲ ಇದರೊಳಗೇ ಬರಬೇಕು. ಆ ಲೆಕ್ಕದಲ್ಲಿ ನಿಮ್ಮ ಮನೆಗೆ ತಿಂಗಳಿಗೆ ತುಪ್ಪವೂ ಸೇರಿ ಮೂರೂವರೆ ಲೀಟರ್ ಸಾಕು. ನೀವು ಹೊರಗೆ ತಿನ್ನುವ ಮಸಾಲೆ ದೋಸೆ, ಸಂಜೆಯ ಬೋಂಡಾ ನಾನಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಗಾಣದ್ದಾಗಲಿ, ರಿಫೈನ್ಡ್ ಆಗಲಿ, ನಾಟಿ ಹಸುವಿನ ತುಪ್ಪವೇ ಆಗಲಿ, ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲರಿ. ದುಬಾರಿ ಎಣ್ಣೆಗೆ ಈ ವಿಷಯದಲ್ಲಿ ರಿಯಾಯಿತಿ ಇಲ್ಲ. "ಇದು ಆರೋಗ್ಯಕ್ಕೆ ಒಳ್ಳೇದು" ಎಂದುಕೊಂಡು ಧಾರಾಳವಾಗಿ ಸುರಿಯುವವರನ್ನು ನಾನು ನೋಡಿದ್ದೇನೆ. ಗಾಣದ ಎಣ್ಣೆ ತರಲು ಶುರು ಮಾಡಿದ ಮೊದಲ ಎರಡು ವರ್ಷ ನಾನೂ ಹಾಗೇ ಇದ್ದೆ.

ಈಗ ವಿಷದ ಮಾತು. ರಿಫೈನ್ಡ್ ಎಣ್ಣೆ ಹೇಗೆ ಮಾಡುತ್ತಾರೆ ಎಂದು ಕೇಳಿದರೆ ಭಯ ಆಗುವುದು ಸಹಜ. ಬೀಜ ಹಿಂಡಿ ಎಣ್ಣೆ ತೆಗೆದ ಮೇಲೆ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಹೆಕ್ಸೇನ್ ಎಂಬ ದ್ರವದಲ್ಲಿ ಕರಗಿಸಿ ತೆಗೆಯುತ್ತಾರೆ. ಆಮೇಲೆ ಕಾಸ್ಟಿಕ್ ಸೋಡಾ ಹಾಕಿ ಆಮ್ಲ ತೆಗೆಯುತ್ತಾರೆ, ಒಂದು ಜಾತಿಯ ಮಣ್ಣಿನಲ್ಲಿ ಸೋಸಿ ಬಣ್ಣ ತೆಗೆಯುತ್ತಾರೆ. ಕೊನೆಗೆ 200 ಡಿಗ್ರಿಗೂ ಮೇಲೆ ಕಾಯಿಸಿ ಹಬೆ ಹಾಯಿಸಿ ವಾಸನೆ ತೆಗೆಯುತ್ತಾರೆ. ಆದರೆ ಹೆಕ್ಸೇನ್ ಕುದಿಯುವುದೇ 69 ಡಿಗ್ರಿಗೆ. ಅಷ್ಟು ಕಾಯಿಸಿದ ಎಣ್ಣೆಯಲ್ಲಿ ಅದು ಲೆಕ್ಕಕ್ಕೆ ಬರುವಷ್ಟು ಉಳಿಯುವುದಿಲ್ಲ. ಹೋಗುವುದು ಪರಿಮಳ, ಬಣ್ಣ, ಒಂದಿಷ್ಟು ವಿಟಮಿನ್ ಇ. ರುಚಿಗೆಟ್ಟ ಎಣ್ಣೆ ಅನ್ನಿ, ಒಪ್ಪುತ್ತೇನೆ. ವಿಷ ಅನ್ನಬೇಡಿ.

ಗಾಣದ ಎಣ್ಣೆ ನನಗೂ ಇಷ್ಟ. ಹಸಿ ಶೇಂಗಾ ಎಣ್ಣೆಯನ್ನು ಚಟ್ನಿಪುಡಿಗೆ ಕಲಸಿ ರೊಟ್ಟಿಗೆ ಹಚ್ಚಿಕೊಂಡವರಿಗೆ ಗೊತ್ತು ಅದರ ಮಜಾ. ಆದರೆ ಅಲ್ಲಿ ನನಗೆ ಸರಿಯಾಗಿ ಪೆಟ್ಟು ಬಿದ್ದಿದೆ. ಒಂದು ಬೇಸಿಗೆಯಲ್ಲಿ ಒಂದು ಅಂಗಡಿಯವರು "ಮೇಡಂ, ಗಾಣದ ಎಣ್ಣೆ ಕೆಡೋ ಮಾತೇ ಇಲ್ಲ" ಅಂದದ್ದನ್ನು ನಂಬಿ 15 ಕೆಜಿಯ ಡಬ್ಬ ತಂದೆ. ಗ್ಯಾಸ್ ಒಲೆಯ ಪಕ್ಕದಲ್ಲೇ ಇಟ್ಟೆ. ಮೂರನೇ ತಿಂಗಳಿಗೆ ಮುಚ್ಚಳ ತೆಗೆದರೆ ಕಮಟು ವಾಸನೆ. ಹಳೇ ಶೇಂಗಾ ಅಗಿದಾಗ ನಾಲಿಗೆಯ ಹಿಂದೆ ಒಂದು ಕಹಿ ಉಳಿಯುತ್ತದಲ್ಲ, ಥೇಟ್ ಅದೇ. ಉಪ್ಪಿಟ್ಟು ಮಾಡಿದೆ, ಮಗ ತಟ್ಟೆ ಸರಿಸಿದ. ಅರ್ಧ ಡಬ್ಬ ಎಣ್ಣೆ ದಂಡ. ಆಮೇಲೆ ಗೊತ್ತಾಯಿತು, ಗಾಳಿ, ಬೆಳಕು, ಬಿಸಿ ಈ ಮೂರೂ ಯಾವ ಎಣ್ಣೆಯನ್ನೂ ಬಿಡುವುದಿಲ್ಲ. ಈಗ ಒಂದು ಲೀಟರಿಗಿಂತ ಜಾಸ್ತಿ ತರುವುದಿಲ್ಲ. ತಂದದ್ದನ್ನು ಸ್ಟೀಲ್ ಡಬ್ಬಿಗೆ ಹಾಕಿ ಒಲೆಯಿಂದ ದೂರದ ಕಪಾಟಿನಲ್ಲಿ ಇಡುತ್ತೇನೆ.

ಶೇಂಗಾದಲ್ಲಿ ಇನ್ನೊಂದು ಸಂಗತಿ ಇದೆ, ಇದನ್ನು ಗಾಣದವರು ಹೇಳುವುದು ಕಡಿಮೆ. ತೇವಕ್ಕೆ ಬೂಸ್ಟು ಹಿಡಿದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ನಂಜು ಸೇರುತ್ತದೆ. ಅದು ಲಿವರ್‌ಗೆ ಕೆಟ್ಟದ್ದು. ರಿಫೈನ್ ಮಾಡುವಾಗ ಅದು ಹೋಗುತ್ತದೆ, ಸುಮ್ನೆ ಹಿಂಡಿ ಸೋಸಿದ ಎಣ್ಣೆಯಲ್ಲಿ ಉಳಿಯಬಹುದು. ಹಾಗಾಗಿ ಗಾಣಕ್ಕೆ ಹೋದರೆ ಎಣ್ಣೆ ಮೂಸುವ ಮೊದಲು ಮೂಟೆಯಲ್ಲಿರುವ ಕಾಳನ್ನು ಕೈಯಲ್ಲಿ ಹಿಡಿದು ನೋಡಿ. ಸುಕ್ಕಾದವು, ಕಪ್ಪಾದವು ಜಾಸ್ತಿ ಇದ್ದರೆ ಸದ್ದಿಲ್ಲದೆ ವಾಪಸ್ ಬನ್ನಿ. ಬೆಲೆಯನ್ನೂ ಹಾಗೇ ತೂಗಿ ನೋಡಬಹುದು. ಮರದ ಗಾಣದಲ್ಲಿ ಒಂದು ಲೀಟರ್ ಶೇಂಗಾ ಎಣ್ಣೆಗೆ ಎರಡೂವರೆ ಕೆಜಿ ಹತ್ತಿರ ಕಾಳು ಬೇಕು. ಹಿಂಡಿ ಮಾರಿದರೆ ಅವರಿಗೆ ಸ್ವಲ್ಪ ದುಡ್ಡು ಹುಟ್ಟುತ್ತದೆ, ನಿಜ. ಆದರೂ ಎರಡು ಕೆಜಿ ಕಾಳಿನ ದರಕ್ಕೂ ಕಡಿಮೆಗೆ ಲೀಟರ್ ಎಣ್ಣೆ ಕೊಡುತ್ತಾರೆ ಅಂದರೆ ಅನುಮಾನ ಪಡಲೇಬೇಕು ಅಲ್ವಾ?

ತೆಂಗಿನೆಣ್ಣೆ, ತುಪ್ಪದ ವಿಷಯ ಬರೆದರೆ ಅತ್ತೆ ಬೈಯುತ್ತಾರೆ, ಆದರೂ ಬರೆಯುತ್ತೇನೆ. ತೆಂಗಿನೆಣ್ಣೆಯಲ್ಲಿ 90 ಶೇಕಡಾದಷ್ಟು ಸ್ಯಾಚುರೇಟೆಡ್ ಕೊಬ್ಬು. ತುಪ್ಪದಲ್ಲಿ 60ರ ಮೇಲೆ, ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು. ಶೇಂಗಾದಲ್ಲಿ 20ರ ಒಳಗೆ, ಸೂರ್ಯಕಾಂತಿಯಲ್ಲಿ ಅದಕ್ಕೂ ಕಡಿಮೆ. ಈ ಜಾತಿಯ ಕೊಬ್ಬು ಜಾಸ್ತಿಯಾದರೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಅದು ವಾಟ್ಸಾಪ್ ಸುದ್ದಿ ಅಲ್ಲ, ಗಟ್ಟಿಯಾಗಿ ಗೊತ್ತಿರುವ ವಿಷಯ. ಹಾಗಾಗಿ ಸೂರ್ಯಕಾಂತಿ ಬಿಟ್ಟು ಪೂರ್ತಿ ತುಪ್ಪಕ್ಕೆ ಹೋಗುವ ನಿಮ್ಮ ಆಲೋಚನೆ ನನಗೆ ಹಿಡಿಸಲಿಲ್ಲ. "ನಮ್ಮಜ್ಜ ತುಪ್ಪ ಕುಡಿದೇ ತೊಂಬತ್ತು ಬದುಕಿದರು" ಅನ್ನುತ್ತಾರೆ ನನ್ನ ಗಂಡ. ಅಜ್ಜ ಗದ್ದೆಯಲ್ಲಿ ಉತ್ತರು, ಇವರು ಲಿಫ್ಟ್‌ನಲ್ಲಿ ಹತ್ತುತ್ತಾರೆ. ಜೊತೆಗೆ ಕರಾವಳಿಯ ಅಡುಗೆಯಲ್ಲಿ ತೆಂಗಿನಕಾಯಿ ಅರೆದೇ ಹಾಕುತ್ತಾರೆ, ಅದರಲ್ಲೂ ಕೊಬ್ಬು ಇದೆ.

ಹಾಗಂತ ಬಿಟ್ಟೇಬಿಡಬೇಕಾಗಿಲ್ಲ. ನಾನು ಪಲ್ಯವನ್ನು ಬೇರೆ ಎಣ್ಣೆಯಲ್ಲಿ, ಕಡಿಮೆ ಎಣ್ಣೆಯಲ್ಲಿ ಮಾಡುತ್ತೇನೆ. ಒಲೆ ಆರಿಸಿದ ಮೇಲೆ ಒಂದು ಚಮಚ ತೆಂಗಿನೆಣ್ಣೆ ಮೇಲಿನಿಂದ ಹಾಕಿ ಎರಡು ನಿಮಿಷ ತಟ್ಟೆ ಮುಚ್ಚುತ್ತೇನೆ. ಮೂಗಿಗೆ ಸಿಗುವುದು ಆ ಒಂದು ಚಮಚವೇ. ಅತ್ತೆಗೆ ಇವತ್ತಿಗೂ ಇದು ಗೊತ್ತಿಲ್ಲ. ತುಪ್ಪವೂ ಹಾಗೇ, ಬಿಸಿ ಅನ್ನದ ಮೇಲೆ ತಲೆಗೊಂದು ಚಮಚ. ಬೆಣ್ಣೆ ಕಾಯಿಸುವಾಗ ಕೊನೆಗೆ ಒಂದು ವೀಳ್ಯದೆಲೆ ಹಾಕಿದರೆ ಅದು ಚಟಪಟ ಅನ್ನುವುದು ನಿಂತ ಕೂಡಲೇ ಒಲೆ ಆರಿಸಬೇಕು. ಆ ಘಮಕ್ಕೆ ಚಮಚದಷ್ಟೇ ಸಾಕಾಗುತ್ತದೆ.

ಹಾಗಾದರೆ ದಿನದ ಅಡುಗೆಗೆ ಯಾವುದು? ನಮ್ಮಲ್ಲಿ ಒಂದು ತಿಂಗಳು ಶೇಂಗಾ, ಇನ್ನೊಂದು ತಿಂಗಳು ಸೂರ್ಯಕಾಂತಿ ಅಥವಾ ಅಕ್ಕಿ ತೌಡಿನ ಎಣ್ಣೆ. ವಿಜಯಪುರ, ಕಲಬುರಗಿ ಕಡೆಯವರಾದರೆ ಕುಸುಬಿ ಎಣ್ಣೆ ಬಿಡಬೇಡಿ, ಒಳ್ಳೆಯದೇ. ಇವುಗಳಲ್ಲಿ ಒಮೇಗಾ 3 ಎಂಬ, ದೇಹಕ್ಕೆ ಬೇಕಾದ ಒಂದು ಜಾತಿಯ ಕೊಬ್ಬು ಮಾತ್ರ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೆ ಹೊಸ ಎಣ್ಣೆ ಹುಡುಕುವ ಬದಲು ಉತ್ತರ ಕರ್ನಾಟಕದವರ ಅಗಸೆ ಚಟ್ನಿಪುಡಿ ಮಾಡಿಟ್ಟುಕೊಳ್ಳಿ. ಪ್ಯಾಕೆಟ್ ಕೊಳ್ಳುವಾಗ "ಕೊಲೆಸ್ಟ್ರಾಲ್ ಇಲ್ಲ" ಅನ್ನುವ ಬರಹಕ್ಕೆ ಮರುಳಾಗಬೇಡಿ, ಗಿಡದ ಯಾವ ಎಣ್ಣೆಯಲ್ಲೂ ಅದು ಹೇಳಿಕೊಳ್ಳುವಷ್ಟು ಇರುವುದೇ ಇಲ್ಲ. ಹಿಂದೆ ಸಣ್ಣ ಅಕ್ಷರದಲ್ಲಿ ಮಿಶ್ರ ಎಣ್ಣೆ ಎಂದು ಇದೆಯಾ, ಯಾವುದು ಎಷ್ಟು ಶೇಕಡಾ ಎಂದು ಓದಿ. ತೂಕವನ್ನೂ ನೋಡಿ, ಎಲ್ಲ ಪ್ಯಾಕೆಟ್ಟೂ 910 ಗ್ರಾಂ ಇರುವುದಿಲ್ಲ.

ನಿಜವಾಗಿ ಹೆದರಬೇಕಾದದ್ದು ಬೇರೆ ಇದೆ. ಹಬ್ಬಕ್ಕೆ ಚಕ್ಕುಲಿ, ಕೋಡುಬಳೆ ಕರಿದು ಉಳಿದ ಎಣ್ಣೆ. ಅಮ್ಮ ಅದನ್ನು ಬಟ್ಟೆಯಲ್ಲಿ ಸೋಸಿ ಬೇರೆ ಡಬ್ಬಿಯಲ್ಲಿ ಇಟ್ಟು, ಅದರಲ್ಲೇ ಮತ್ತೆ ಹಪ್ಪಳ ಕರಿದು, ಮತ್ತೆ ಸೋಸುತ್ತಿದ್ದರು. ಕಾಯಿಸಿದಷ್ಟೂ ಎಣ್ಣೆ ಒಡೆದು ಬೇಡದ್ದು ಹುಟ್ಟುತ್ತದೆ. ಹೋಟೆಲಿನವರಿಗೆ 2018ರ ಜುಲೈನಿಂದ ಒಂದು ಮಿತಿ ಇದೆ. ಹೀಗೆ ಕೆಟ್ಟ ಅಂಶ 25 ಶೇಕಡಾ ದಾಟಿದರೆ ಆ ಎಣ್ಣೆ ಬಳಸುವ ಹಾಗಿಲ್ಲ. ಮನೆಯಲ್ಲಿ ಅಳೆಯುವ ಯಂತ್ರ ಇಲ್ಲ, ಕಣ್ಣು ಇದೆ. ಎಣ್ಣೆ ಕಪ್ಪಾಗಿ, ಮಂದವಾಗಿ, ಬಾಣಲೆಯಲ್ಲಿ ನೊರೆ ಏಳುತ್ತಿದ್ದರೆ, ಮೊದಲಿಗಿಂತ ಬೇಗ ಹೊಗೆಯಾಡಿದರೆ ಅದರ ಕಥೆ ಮುಗಿಯಿತು. ನಾನು ಈಗ ಚಿಕ್ಕ ಬಾಣಲೆಯಲ್ಲಿ ಒಂದು ಲೋಟ ಎಣ್ಣೆಯಷ್ಟೇ ಇಟ್ಟು ಕರಿಯುತ್ತೇನೆ. ಹೊತ್ತು ಹಿಡಿಯುತ್ತದೆ, ಆದರೆ ಕೊನೆಗೆ ಉಳಿಯುವುದು ಸ್ವಲ್ಪ. ಅದನ್ನು ಒಂದೆರಡು ದಿನದಲ್ಲಿ ಒಗ್ಗರಣೆಗೆ ಮುಗಿಸುತ್ತೇನೆ, ಮತ್ತೆ ಕರಿಯಲು ಇಡುವುದಿಲ್ಲ.

ಕಡಿಮೆ ಮಾಡುವುದು ಹೇಗೆ ಅಂದರೆ, ಹೊಸ ಕ್ಯಾನ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ಎಷ್ಟು ದಿನಕ್ಕೆ ಖಾಲಿಯಾಯಿತು ಎಂದು ಗೊತ್ತಾಗುತ್ತದೆ. ಬಾಟಲಿಯಿಂದ ನೇರ ಸುರಿಯುವುದು ನಿಲ್ಲಿಸಿ ಚಮಚ ಹಿಡಿಯಿರಿ. ದೋಸೆಗೆ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾವಲಿಗೆ ಉಜ್ಜಿ. ನಮ್ಮ ಮನೆಯಲ್ಲಿ ನಾಲ್ಕೂವರೆ ಲೀಟರ್ ಇದ್ದದ್ದು ಎಂಟು ತಿಂಗಳಲ್ಲಿ ಮೂರೂಕಾಲಿಗೆ ಬಂತು. ರುಚಿ ಕೆಟ್ಟಿತು ಎಂದು ಯಾರೂ ಹೇಳಲಿಲ್ಲ. ಬದನೆಕಾಯಿ ಎಣ್ಣೆಗಾಯಿ ಮಾಡಿದ ದಿನ ಮಾತ್ರ ನಾನೂ ಲೆಕ್ಕ ಇಡುವುದಿಲ್ಲ.

ಅರ್ಧ ಉಳಿದ ಕ್ಯಾನ್ ಚೆಲ್ಲಬೇಡಿ, ದುಡ್ಡು ಕೊಟ್ಟಿದ್ದೀರಿ. ಅದನ್ನು ಎರಡು ವಾರದ ಬದಲು ಮೂರು ವಾರ ಬರುವ ಹಾಗೆ ಮುಗಿಸಿ, ಆಮೇಲೆ ಬೇಕಿದ್ದರೆ ಒಂದು ಲೀಟರ್ ಗಾಣದ್ದು ತಂದು ನೋಡಿ. ಕರಿದು ಕಪ್ಪಾದ ಎಣ್ಣೆ ಪಕ್ಕದಲ್ಲಿ ಬೇರೆ ಇದ್ದರೆ ಅದನ್ನು ಸಿಂಕಿಗೆ ಸುರಿಯಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ. ಹಳೇ ಪೇಪರಿಗೆ ಹೀರಿಸಿ ಕಸಕ್ಕೆ ಹಾಕಿ.